ಡಿಗ್ರಿ ಅಸೈನ್‌ಮೆಂಟ್ ಬರೆಯುವುದು ಹೇಗೆ?

ಪಿಯುಸಿವರೆಗೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಖಾನೆ ತುಂಬಿದರೆ ಅಂಕ ಬೀಳುತ್ತಿತ್ತು. ಡಿಗ್ರಿಗೆ ಬಂದವರು ಅವೇ ಖಾನೆಗಳನ್ನು ಹಿಗ್ಗಿಸಿ, ಹತ್ತು ಪುಟ ಮಾಡಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ತರುತ್ತಾರೆ. ಮೊದಲ ಸಾಲಿನಲ್ಲೇ ‘ಅನಾದಿ ಕಾಲದಿಂದಲೂ’ ಎಂದಿದ್ದರೆ ಮುಂದಿನ ಪುಟಗಳಲ್ಲಿ ಏನಿರುತ್ತದೆ ಎಂಬುದು ಮೇಷ್ಟ್ರಿಗೆ ಗೊತ್ತಾಗಿಬಿಡುತ್ತದೆ. ಕಾಲೇಜಿನಲ್ಲಿ ಬೇಕಾಗಿರುವುದು ಒಂದು ಪ್ರಶ್ನೆ, ಅದಕ್ಕೆ ಆಧಾರವಿರುವ ಉತ್ತರ. 1,500 ಪದಗಳ ಬರಹಕ್ಕೆ ಹತ್ತು ದಿನ ಇಟ್ಟುಕೊಳ್ಳಿ. ಅದರಲ್ಲಿ ನಾಲ್ಕು ದಿನ ಮೊದಲ ಹಂತಕ್ಕೇ ಹೋಗಲಿ.

ಹಂತ 1: ವಿಷಯವನ್ನು ಕಿರಿದು ಮಾಡಿ

ಬಹುಪಾಲು ಅಸೈನ್‌ಮೆಂಟ್‌ಗಳು ಕೆಡುವುದು ಇಲ್ಲೇ. ‘ಕರ್ನಾಟಕದಲ್ಲಿ ಭೂ ಸುಧಾರಣೆ’ ಎಂಬ ವಿಷಯ ಕೊಟ್ಟಿದ್ದಾರೆ ಎನ್ನಿ. ಇದು ಒಂದು ಪುಸ್ತಕಕ್ಕಾಗುವ ಶೀರ್ಷಿಕೆ, ಹೀಗೇ ಹಿಡಿದುಕೊಂಡರೆ ಗೈಡ್‌ನ ಸಾರಾಂಶವಷ್ಟೇ ಹುಟ್ಟುತ್ತದೆ. ಮೊದಲು ಕಾಲ ಕತ್ತರಿಸಿ: 1961ರ ಕಾಯ್ದೆ ಬಿಟ್ಟು, ದೇವರಾಜ ಅರಸು ಸರ್ಕಾರ ತಂದ, 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯನ್ನು ಮಾತ್ರ ಇಟ್ಟುಕೊಳ್ಳಿ. ಆಮೇಲೆ ಜಾಗ: ಕರಾವಳಿಯ ಒಂದು ತಾಲ್ಲೂಕು. ಆಮೇಲೆ ಜನ: ಚಾಲಗೇಣಿದಾರರು, ಅಂದರೆ ಕಾಯಂ ಹಕ್ಕಿಲ್ಲದೆ ಧಣಿಯ ಜಮೀನನ್ನು ಗೇಣಿಗೆ ಉಳುತ್ತಿದ್ದವರು. ಈಗ ಪ್ರಶ್ನೆ ತಾನಾಗಿ ಏಳುತ್ತದೆ: ಬಾಯಿಮಾತಿನ ಮೇಲೆ ಗೇಣಿಗೆ ಉಳುತ್ತಿದ್ದವನು ತಾನೇ ಉಳುವವನು ಎಂದು ಭೂ ನ್ಯಾಯಮಂಡಳಿಯ ಮುಂದೆ ಸಾಬೀತು ಮಾಡಿದ್ದು ಹೇಗೆ?

ಪ್ರಶ್ನೆ ಸಿಕ್ಕಿದ ಮೇಲೆ ಒಂದೇ ವಾಕ್ಯದಲ್ಲಿ ಉತ್ತರ ಬರೆದು ಗೋಡೆಗೆ ಅಂಟಿಸಿ. ‘ಕಾಯ್ದೆಯಿಂದ ಅನೇಕ ರೈತರಿಗೆ ಅನುಕೂಲವಾಯಿತು’ ಎಂಬುದು ಉತ್ತರವಲ್ಲ. ಅದನ್ನು ಅಲ್ಲವೆನ್ನುವವರೇ ಇಲ್ಲ, ಆದ್ದರಿಂದ ಸಾಧಿಸುವುದಕ್ಕೂ ಏನಿಲ್ಲ. ‘ಗೇಣಿ ಚೀಟಿ ಇಲ್ಲದವನಿಗೆ ಕಾಯ್ದೆಗಿಂತ ಪಹಣಿಯ ಸಾಗುವಳಿ ಕಾಲಂ ನಿರ್ಣಾಯಕವಾಗಿತ್ತು’ ಎನ್ನಿ. ಇದಕ್ಕೆ ಯಾರಾದರೂ ‘ಇಲ್ಲ, ಅಕ್ಕಪಕ್ಕದ ಹೊಲದವರ ಸಾಕ್ಷಿಯೇ ಸಾಕಿತ್ತು’ ಎನ್ನಬಹುದು. ಎದುರು ಮಾತಿಗೆ ಜಾಗವಿದ್ದರೆ ವಾದ ಹುಟ್ಟಿದೆ ಎಂದರ್ಥ. ಆಧಾರ ಹುಡುಕಿದಾಗ ನಿಮ್ಮ ವಾಕ್ಯವೇ ತಪ್ಪು ಎಂದು ಗೊತ್ತಾದರೆ ಅದನ್ನೇ ಬದಲಿಸಿ. ಸಿಕ್ಕ ಆಧಾರವನ್ನು ಬಗ್ಗಿಸಿ ಅದಕ್ಕೆ ಹೊಂದಿಸಲು ಹೋಗಬೇಡಿ.

ಹಂತ 2: ಓದಿ, ಟಿಪ್ಪಣಿ ಮಾಡಿ

ಒಂದು ಕಾನೂನು ಪಠ್ಯ, ಎರಡು ಮೂರು ಪುಸ್ತಕ ಅಥವಾ ಲೇಖನ, ಆಗುವುದಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆಯ ಪಹಣಿಯ ನಕಲು. 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು ಇರುತ್ತದೆ. ಆ ಎರಡು ಹೆಸರು ಬೇರೆ ಬೇರೆಯಾಗಿರುವ ಒಂದು ಹಾಳೆ ನಿಮ್ಮ ಹತ್ತು ಪುಟಗಳ ವಿವರಣೆಗಿಂತ ಹೆಚ್ಚು ಹೇಳುತ್ತದೆ. ಊರಿನಲ್ಲಿ ‘ಡಿಕ್ಲರೇಷನ್ ಹಾಕಿದ’, ಅಂದರೆ ಗೇಣಿ ಜಮೀನಿನ ಹಕ್ಕು ಕೇಳಿ ನ್ಯಾಯಮಂಡಳಿಗೆ ಅರ್ಜಿ ಕೊಟ್ಟ ಹಿರಿಯರಿದ್ದರೆ ಅವರ ಬಳಿ ಕುಳಿತು ಕೇಳಿ.

ಟಿಪ್ಪಣಿ ಹಾಳೆಯ ತಲೆಯ ಮೇಲೆ ಮೊದಲು ಲೇಖಕ, ಪುಸ್ತಕ, ಪ್ರಕಾಶಕ, ವರ್ಷ, ಪುಟ ಬರೆಯಿರಿ. ಆಮೇಲೆ ಬರೆದರಾಯಿತು ಎಂದವರು ಕೊನೆಯ ರಾತ್ರಿ ಪುಟ ಸಂಖ್ಯೆ ಹುಡುಕುತ್ತಾ ಕೂರುತ್ತಾರೆ. ಪುಸ್ತಕದ ಮಾತನ್ನು ಇದ್ದಂತೆಯೇ ಇಳಿಸಿದರೆ ಆಗಲೇ ಉದ್ಧರಣ ಚಿಹ್ನೆ ಹಾಕಿ. ಹಾಕದಿದ್ದರೆ ವಾರದ ನಂತರ ಅದು ನಿಮ್ಮದೇ ವಾಕ್ಯ ಎನಿಸುತ್ತದೆ. ಕೃತಿಚೌರ್ಯದ ಆರೋಪ ಎಷ್ಟೋ ಬಾರಿ ಶುರುವಾಗುವುದೇ ಇಲ್ಲಿ. ಸ್ವಂತ ಮಾತಿನಲ್ಲಿ ಬರೆಯಬೇಕೆಂದರೆ ಪುಸ್ತಕ ಮುಚ್ಚಿ ಬರೆಯಿರಿ. ತೆರೆದಿಟ್ಟು ‘ಹೊಲ’ ಇದ್ದಲ್ಲಿ ‘ಜಮೀನು’ ಎಂದು ತಿದ್ದಿದರೆ ಅದು ನಕಲೇ. ಮಾತು ನಿಮ್ಮದಾದರೂ ಸಂಗತಿ ಅವರದ್ದು, ಆದ್ದರಿಂದ ಪುಟ ಸಂಖ್ಯೆ ಆಗಲೂ ಬೇಕು. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ ಎಂಬುದನ್ನು ‘ಶೇ 10 ಕದಿಯಬಹುದು’ ಎಂದು ಓದಿಕೊಂಡವರೂ ಇದ್ದಾರೆ!

ಎಐ ಆಪ್‌ಗಳು ಕೊಡುವ ಗ್ರಂಥಸೂಚಿಯನ್ನು ಕಣ್ಣುಮುಚ್ಚಿ ಸೇರಿಸಬೇಡಿ. ಇಲ್ಲದ ಪುಸ್ತಕಕ್ಕೆ ಇರುವ ಲೇಖಕರ ಹೆಸರು ಅಂಟಿಸಿ ಕೊಡುವ ಚಾಳಿ ಅವುಗಳಿಗಿದೆ. ಪುಸ್ತಕ ಕೈಗೆ ಸಿಗದಿದ್ದರೆ ಪಟ್ಟಿಯಲ್ಲೂ ಬೇಡ.

ಹಂತ 3: ಪ್ಯಾರಾ ಕಟ್ಟಿ

ಒಂದು ಪ್ಯಾರಾಕ್ಕೆ ಒಂದೇ ಮಾತು, 120ರಿಂದ 150 ಪದ. ಮೊದಲ ವಾಕ್ಯದಲ್ಲಿ ಆ ಮಾತು ಹೇಳಿ, ಕೆಳಗೆ ಆಧಾರ ಕೊಡಿ, ಆ ಆಧಾರ ನಿಮ್ಮ ಮಾತಿಗೆ ಹೇಗೆ ಹೊಂದುತ್ತದೆ ಎಂದು ಬಿಡಿಸಿ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ‘ನ್ಯಾಯಮಂಡಳಿಯಲ್ಲಿ ವಕೀಲರು ಹಾಜರಾಗುವಂತಿರಲಿಲ್ಲ’ ಎಂದು ಬರೆದು ಮುಂದಿನ ಪ್ಯಾರಾಕ್ಕೆ ಹಾರುತ್ತಾರೆ. ಅದರಿಂದೇನಾಯಿತು? ಓದು ಬರಹ ಬಾರದ ಗೇಣಿದಾರ ಫೀಸಿಲ್ಲದೆ ತನ್ನ ಮಾತನ್ನು ತಾನೇ ಹೇಳುವಂತಾಯಿತೆ, ಅಥವಾ ಕಾಗದಪತ್ರ ಬಲ್ಲ ಧಣಿಯ ಎದುರು ಒಂಟಿಯಾದನೆ? ನಿಮ್ಮ ಅಂಕ ಇರುವುದು ಈ ಎರಡು ಸಾಲಿನಲ್ಲಿ.

‘ಹಂಚಲ್ಪಟ್ಟಿತು’, ‘ಜಾರಿಗೊಳಿಸಲ್ಪಟ್ಟಿತು’ ಎಂಬ ಪಟ್ಟಿತುಗಳನ್ನೆಲ್ಲ ಕಿತ್ತುಹಾಕಿ. ಅನುವಾದ ಆಪ್‌ನಿಂದ ಇಳಿಸಿದ್ದು ಅದರಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ ಮಾಡಿದವರು ಯಾರೆಂಬುದು ಮರೆಯಾಗುವುದು. ‘ಭೂಮಿ ಹಂಚಲ್ಪಟ್ಟಿತು’ ಎಂದರೆ ಹಂಚಿದವರು ಯಾರು? ಹಂಚಿದ್ದಾದರೂ ನಿಜವೆ? 1974ರಲ್ಲಿ ಗೇಣಿ ಜಮೀನು ಮೊದಲು ಸರ್ಕಾರಕ್ಕೆ ಸೇರಿತು, ಅಲ್ಲಿಂದ ಅಧಿಭೋಗದ ಹಕ್ಕು (ಜಮೀನನ್ನು ತನ್ನದಾಗಿ ಇಟ್ಟುಕೊಂಡು ಉಳುವ ಹಕ್ಕು) ಗೇಣಿದಾರನಿಗೆ ಬಂತು. ಕರ್ತೃವನ್ನು ಹುಡುಕಿದರೆ ಸಂಗತಿಯೂ ತಾನೇ ಸರಿಯಾಗುತ್ತದೆ.

ಹಂತ 4: ಪೀಠಿಕೆ

ಕೊನೆಯಲ್ಲಿ ಬರೆಯಿರಿ. ಪ್ರಶ್ನೆ, ಉತ್ತರ, ನೋಡಿದ ಆಧಾರಗಳು: ಎಂಟು ಸಾಲು ಸಾಕು.

ಹಂತ 5: ತಿದ್ದಿ

ಒಂದು ದಿನ ಬಿಟ್ಟು, ಪ್ರಿಂಟ್ ತೆಗೆದು, ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಗಟ್ಟಿಯಾಗಿ ಓದಿ. ಅವಿಷ್ಟರಲ್ಲೇ ವಾದ ಅರ್ಥವಾಗಬೇಕು. ಎರಡು ವಾಕ್ಯ ಅದಲು ಬದಲಾದರೂ ವ್ಯತ್ಯಾಸ ತಿಳಿಯದಿದ್ದರೆ ನಿಮ್ಮ ಪ್ಯಾರಾಗಳು ಒಂದಕ್ಕೊಂದು ಕೊಂಡಿಯಿಲ್ಲದೆ ನಿಂತಿವೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ, ಪಿಡಿಎಫ್ ಮಾಡಿ ಕಳಿಸಿ. ಇಲ್ಲದಿದ್ದರೆ ಮೇಷ್ಟ್ರ ಕಂಪ್ಯೂಟರಿನಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಕಾಗದದಲ್ಲೇ ಕೊಡಬೇಕೆಂದರೆ ಸ್ಪೈರಲ್ ಬೈಂಡಿಂಗ್ ಬೇಡ, ಎಡ ಮೂಲೆಗೆ ಒಂದು ಸ್ಟೇಪ್ಲರ್ ಪಿನ್ ಹೊಡೆಯಿರಿ.