ಐಷಾರಾಮಿ ಎಸ್‌ಯುವಿ ಕೊಳ್ಳುವ ಮುನ್ನ ಬಾನೆಟ್ ಮೇಲೆ ಕೈ ಇಟ್ಟು ನೋಡಿ

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡಲು ಹೋದವರು ಸಾಮಾನ್ಯವಾಗಿ ಬಾಗಿಲು ತೆಗೆದು ಕೂರುತ್ತಾರೆ, ಸೀಟಿನ ಚರ್ಮ ಸವರುತ್ತಾರೆ, ಸ್ಕ್ರೀನ್ ಮೇಲೆ ಬೆರಳಾಡಿಸುತ್ತಾರೆ, ಸನ್‌ರೂಫ್ ತೆರೆದು ಮುಚ್ಚುತ್ತಾರೆ. ಎಂಜಿನ್ ಅಷ್ಟರಲ್ಲಾಗಲೇ ಬಿಸಿಯಾಗಿರುತ್ತದೆ. ಮಾರುವವರು ಅರ್ಧ ಗಂಟೆ ಮೊದಲೇ ಸ್ಟಾರ್ಟ್ ಮಾಡಿ, ಎಸಿ ಹಾಕಿ, ತಂಪಾಗಿಸಿ ಇಟ್ಟಿರುತ್ತಾರೆ. ಅದನ್ನು ಮರ್ಯಾದೆ ಎಂದುಕೊಂಡು ಖುಷಿಪಡುವವರೇ ಹೆಚ್ಚು. ತಣ್ಣಗಿರುವ ಎಂಜಿನ್ ಮೊದಲ ಮೂರು ಸೆಕೆಂಡಿನಲ್ಲಿ ಹೇಳುವುದನ್ನು ಬಿಸಿ ಎಂಜಿನ್ ಮೂರು ದಿನವಾದರೂ ಹೇಳುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರೋಣ.

ಹಂತ 1: ಟೇಪ್ ಹಿಡಿಯಿರಿ

‘ಮಧ್ಯಮ ಗಾತ್ರ’ ಎಂಬ ಒಂದೇ ಹೆಸರಿನಡಿ ಎರಡು ಅಳತೆಯ ಗಾಡಿಗಳನ್ನು ಮಾರುತ್ತಾರೆ. ಬಿಎಂಡಬ್ಲ್ಯು ಎಕ್ಸ್3, ಮರ್ಸಿಡಿಸ್ ಜಿಎಲ್‌ಸಿ, ಆಡಿ ಕ್ಯೂ5, ವೋಲ್ವೊ ಎಕ್ಸ್‌ಸಿ60 ಇವೆಲ್ಲ ಸುಮಾರು 4.7 ಮೀಟರ್ ಉದ್ದ. ಎಕ್ಸ್5, ಜಿಎಲ್‌ಇ, ಎಕ್ಸ್‌ಸಿ90, ಲೆಕ್ಸಸ್ ಆರ್‌ಎಕ್ಸ್ 4.9 ಮೀಟರ್ ಆಸುಪಾಸು. ಆ 20 ಸೆಂ.ಮೀ. ವ್ಯತ್ಯಾಸ ತಿಳಿಯುವುದು ಮನೆಗೆ ತಂದು ನಿಲ್ಲಿಸಿದ ಮೇಲೆ, ಡಿಕ್ಕಿ ಬಾಗಿಲು ಎತ್ತಲು ಹಿಂದೆ ಜಾಗವೇ ಇಲ್ಲದಾಗ. ನಿಲ್ಲಿಸುವ ಜಾಗದ ಉದ್ದ, ಕನ್ನಡಿ ಸೇರಿಸಿ ಅಗಲ, ಡಿಕ್ಕಿ ಪೂರ್ತಿ ತೆರೆದಾಗಿನ ಎತ್ತರ, ಮೂರನ್ನೂ ಬರೆದುಕೊಂಡೇ ಹೊರಡಿ.

ಡ್ರೈವರ್ ಸೀಟನ್ನು ನಿಮಗೆ ಬೇಕಾದಂತೆ ಹೊಂದಿಸಿ, ಇಳಿದು ಅದರ ಹಿಂದೆ ನೀವೇ ಕೂತು ನೋಡಿ. ಮೂರನೇ ಸಾಲು ಬೇಕೇ ಬೇಕು ಎನ್ನುವವರು ಅಲ್ಲಿ ಹದಿನೈದು ನಿಮಿಷ ಕೂರಲಿ. ಈ ಗಾತ್ರದಲ್ಲಿ ಅದು ಮಕ್ಕಳ ಸೀಟು. ಅದನ್ನು ಮೇಲೆತ್ತಿ ನಿಲ್ಲಿಸಿದರೆ ದೊಡ್ಡ ಸೂಟ್‌ಕೇಸ್ ಇಡಲು ಜಾಗ ಉಳಿಯುವುದಿಲ್ಲ.

ಹಂತ 2: ಹೊಸದೋ, ಬಳಸಿದ್ದೋ

ಹತ್ತು ವರ್ಷ ಇಟ್ಟುಕೊಳ್ಳುವವರು ಹೊಸದನ್ನೇ ಕೊಳ್ಳಿ. ನಾಲ್ಕೈದು ವರ್ಷಕ್ಕೆ ಬದಲಿಸುವವರು ಮೂರು ವರ್ಷ ಹಳೆಯದನ್ನು ನೋಡಿ. ಬೆಲೆ ಕಡಿದಾಗಿ ಇಳಿಯುವುದು ಮೊದಲ ಮೂರು ವರ್ಷದಲ್ಲಿ, ಆ ನಷ್ಟವನ್ನು ಬೇರೆಯವರು ಹೊತ್ತಾಗಿರುತ್ತದೆ. ಎಂಟು ವರ್ಷ ಹಳೆಯ ಐಷಾರಾಮಿ ಗಾಡಿ ಚಿಕ್ಕ ಹೊಸ ಕಾರಿನ ಬೆಲೆಗೆ ಸಿಗುತ್ತದೆ ಎಂದು ಹಿಗ್ಗಬೇಡಿ. ಕೊಳ್ಳುವ ಬೆಲೆ ಇಳಿದಿದೆ, ಬಿಡಿಭಾಗಗಳ ಬೆಲೆ ಇಳಿದಿಲ್ಲ.

ಹೊಸದಾಗಲಿ ಹಳೆಯದಾಗಲಿ, ಒಂದು ತಲೆಮಾರಿನ ಮೊದಲ ವರ್ಷದ ಗಾಡಿ ಬೇಡ. ಸಾಫ್ಟ್‌ವೇರ್ ತಕರಾರು, ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿಯನ್ನು ವಾಪಸ್ ಕರೆಯುವುದು) ಎಲ್ಲವೂ ಮೊದಲು ಕೊಂಡವರ ಪಾಲಿಗೇ ಹೆಚ್ಚು. ಮೂರನೇ ತಲೆಮಾರಿನ ಎಕ್ಸ್3 ಬಂದದ್ದು 2017ರಲ್ಲಿ, ತಿದ್ದಿದ ರೂಪ 2021ರಲ್ಲಿ, ಹೊಸ ತಲೆಮಾರು 2024ರಲ್ಲಿ. ಇಂಥ ಸರಣಿಯಲ್ಲಿ ಕಣ್ಣು ಮುಚ್ಚಿ 2021ರ ನಂತರದ, ಹೊಸ ತಲೆಮಾರು ಬರುವ ಮುಂಚಿನ ಗಾಡಿಗಳನ್ನು ಹುಡುಕಿ.

ಹಂತ 3: ಎಂಜಿನ್ ಮತ್ತು ಆಪ್ಷನ್

ದಿನಕ್ಕೆ ಐದಾರು ಕಿ.ಮೀ. ಓಡಿಸುವವರಿಗೆ ಡೀಸೆಲ್ ಬೇಡವೇ ಬೇಡ. ಸೈಲೆನ್ಸರ್ ಹಾದಿಯಲ್ಲಿರುವ ಡಿಪಿಎಫ್ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಲು 600 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖ ಬೇಕು. ಗಾಡಿ ಒಂದೇ ಸಮನೆ ಓಡದೆ ಅದು ಬರುವುದಿಲ್ಲ, ಮಸಿ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಪ್ಲಗ್-ಇನ್ ಹೈಬ್ರಿಡ್ ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಸರಿ. ಉಳಿದವರ ಪಾಲಿಗೆ ಅದು ಭಾರದ ಬ್ಯಾಟರಿ ಹೊತ್ತು ತಿರುಗುವ ಪೆಟ್ರೋಲ್ ಗಾಡಿ. ರಿಪೇರಿಯ ತಲೆನೋವು ಕಡಿಮೆ ಇರಲಿ ಎನ್ನುವವರಿಗೆ ಲೆಕ್ಸಸ್ ಆರ್‌ಎಕ್ಸ್ ಹೈಬ್ರಿಡ್. ಓಡಿಸುವ ಸುಖದಲ್ಲಿ ಮಾತ್ರ ಅದು ಎಕ್ಸ್5 ಪಕ್ಕ ನಿಲ್ಲುವುದಿಲ್ಲ.

ರಿಮ್ 19 ಇಂಚಿಗಿಂತ ದೊಡ್ಡದು ಬೇಡ. 21 ಇಂಚಿನದು ಫೋಟೊದಲ್ಲಿ ಚೆಂದ. ಗುಂಡಿಗೆ ಬಿದ್ದಾಗ ಪೆಟ್ಟು ತಾಳುವ ರಬ್ಬರ್ ಗೋಡೆ ಗಿಡ್ಡವಾದಷ್ಟೂ ರಿಮ್ಮೇ ಬಾಗುವ ಭಯ ಹೆಚ್ಚು. ಗಾಳಿ ತುಂಬಿದ ಬಲೂನ್‌ಗಳ ಮೇಲೆ ಗಾಡಿಯನ್ನು ಹೊರುವ ಏರ್ ಸಸ್ಪೆನ್ಶನ್ ಬದಲು ಸಾದಾ ಸ್ಪ್ರಿಂಗ್ ಇರುವುದನ್ನೇ ಆರಿಸಿ. ವಾರಂಟಿ ಮುಗಿದ ಗಾಡಿಯಾದರೆ ಈ ಮಾತಿನಲ್ಲಿ ರಾಜಿ ಬೇಡ.

ಹಂತ 4: ಕಾಗದ ಪತ್ರ

ಗಾಡಿಯ ಗುರುತಾದ 17 ಅಕ್ಷರದ ವಿಐಎನ್ ಸಂಖ್ಯೆ ಮುಂದಿನ ಗಾಜಿನ ಕೆಳಗೆ, ಬಾಗಿಲ ಕಂಬದ ಸ್ಟಿಕರ್‌ನಲ್ಲಿ, ದಾಖಲೆಯಲ್ಲಿ ಒಂದೇ ಇರಬೇಕು. ಅದನ್ನು ತಯಾರಕರ ತಾಣದಲ್ಲಿ ಹಾಕಿ ಬಾಕಿ ರೀಕಾಲ್ ಇದೆಯೇ ನೋಡಿ. ಸರ್ವಿಸ್ ಪುಸ್ತಕದಲ್ಲಿ ಮೊಹರುಗಳ ಸಂಖ್ಯೆ ಎಣಿಸುವುದಕ್ಕಿಂತ ಒಂದು ಆಯಿಲ್ ಬದಲಾವಣೆಗೂ ಇನ್ನೊಂದಕ್ಕೂ ನಡುವಿನ ಕಿ.ಮೀ. ಲೆಕ್ಕ ಹಾಕಿ. 10,000ದೊಳಗೆ ಬದಲಿಸಿದವರು ಗಾಡಿಯನ್ನು ಪ್ರೀತಿಸಿದವರು.

ಹಂತ 5: ತಣ್ಣನೆಯ ಸ್ಟಾರ್ಟ್

ಹೆಚ್ಚಿನವರು ಎಡವುವುದು ಇಲ್ಲೇ. ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿಲಲ್ಲಿ ನಿಂತಿದ್ದರೆ ಬಾನೆಟ್ ಎತ್ತಿ ಒಳಗಿನ ಪ್ಲಾಸ್ಟಿಕ್ ಮುಚ್ಚಳ ಮುಟ್ಟಿ. ಎಂಜಿನ್ ಬೆಚ್ಚಗಿದ್ದರೆ ಮಾತು ಬೇಡ, ಇನ್ನೊಂದು ದಿನ ಬನ್ನಿ.

ಸ್ಟಾರ್ಟ್ ಮಾಡುವ ಮೊದಲು ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವದ ಡಬ್ಬಿಯ ಮಟ್ಟ ನೋಡಿ. ಆಯಿಲ್ ಮುಚ್ಚಳ ತಿರುಗಿಸಿ ಒಳಬದಿ ನೋಡಿ. ಬೆಣ್ಣೆಯಂಥ ತಿಳಿ ಕಂದು ನೊರೆ ಕಂಡರೆ ಆಯಿಲ್‌ನಲ್ಲಿ ನೀರು ಬೆರೆತಿದೆ. ಚಳಿಯಲ್ಲಿ ಬರೀ ಹತ್ತಿರದ ಓಡಾಟವಿದ್ದರೂ ಮುಚ್ಚಳದಲ್ಲಿ ಸ್ವಲ್ಪ ನೊರೆ ಕೂರುತ್ತದೆ, ಆದ್ದರಿಂದ ಅದೊಂದನ್ನೇ ನೋಡಿ ತೀರ್ಪು ಕೊಡಬೇಡಿ. ಕೂಲಂಟೂ ಕಡಿಮೆಯಿದ್ದರೆ ಮಾತ್ರ ಹೆದರಿ. ಬ್ರೇಕ್ ಒತ್ತದೆ ಬಟನ್ ಅದುಮಿದರೆ ಎಂಜಿನ್ ಓಡದೆ ಡ್ಯಾಶ್‌ಬೋರ್ಡ್ ಮಾತ್ರ ಬೆಳಗುತ್ತದೆ. ಆಗ ಎಂಜಿನ್ ಎಚ್ಚರಿಕೆ ದೀಪ ಹತ್ತಲೇಬೇಕು. ಹತ್ತದಿದ್ದರೆ ಯಾರೋ ಆ ದೀಪದ ಬಾಯಿ ಮುಚ್ಚಿಸಿದ್ದಾರೆ.

ಈಗ ಕಿಟಕಿ ಇಳಿಸಿ, ಎಸಿ ಫ್ಯಾನ್, ರೇಡಿಯೊ ಆಫ್ ಮಾಡಿ. ಜೊತೆಗಿರುವವರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ, ಸ್ಟಾರ್ಟ್ ಮಾಡಿ, ಕಿವಿಗೊಡಿ. ಆಯಿಲ್ ಒತ್ತಡ ಏರುವವರೆಗೆ ಸೆಕೆಂಡಿಗಿಂತ ಕಡಿಮೆ ಹೊತ್ತು ಸಣ್ಣ ಕರಕರ ಬಂದರೆ ಬಿಡಿ. ಡಬ್ಬಿಯಲ್ಲಿ ಸರಪಳಿ ಅಲುಗಾಡಿಸಿದಂಥ ಸದ್ದು ಎರಡು ಮೂರು ಸೆಕೆಂಡ್ ಎಳೆದರೆ ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಸಡಿಲಗೊಂಡಿದೆ, ಇಲ್ಲವೇ ಅದು ಜಾರುವ ಪಟ್ಟಿ, ಅಂದರೆ ಗೈಡ್, ಸವೆದಿದೆ. ಬಿಎಂಡಬ್ಲ್ಯುವಿನ ಹಳೆಯ ಎನ್20 ಎಂಜಿನ್‌ನಲ್ಲಿ ಆ ಗೈಡಿನ ಪ್ಲಾಸ್ಟಿಕ್ ಮುರಿಯುವುದು ಎಲ್ಲರಿಗೂ ಗೊತ್ತಿರುವ ದೋಷ. ಅದೇ ಟಿಕ್‌ಟಿಕ್ ಎಂದು ಹೊಲಿಗೆ ಯಂತ್ರದ ಹಾಗೆ ಒಂದೇ ಲಯದಲ್ಲಿ ಕೇಳಿದರೆ ಅದು ಇಂಧನ ಚಿಮ್ಮಿಸುವ ಇಂಜೆಕ್ಟರ್ ಸದ್ದು. ನೇರ ಇಂಜೆಕ್ಷನ್ ಎಂಜಿನ್‌ಗಳ ಸ್ವಭಾವವೇ ಅದು, ಅದನ್ನು ಕೇಳಿ ಒಳ್ಳೆಯ ಗಾಡಿ ಬಿಟ್ಟು ಬರುವವರೂ ಇದ್ದಾರೆ.

ಹೊಗೆಯನ್ನು ಹೀಗೆ ಓದಿ. ಬಿಳಿ ಆವಿ ಎದ್ದು ಎರಡು ಮಾರು ಹೋಗುವಷ್ಟರಲ್ಲಿ ಕರಗಿದರೆ ಬರೀ ನೀರು. ಬಿಳಿಯದು ತೂಗಿಕೊಂಡು ನಿಂತು ಸಿಹಿ ವಾಸನೆ ಬಂದರೆ ಕೂಲಂಟ್ ಉರಿಯುತ್ತಿದೆ. ನೀಲಿ ಬಂದರೆ ಆಯಿಲ್. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಒಮ್ಮೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನೀಲಿ ಉಗಿದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಆಡಿಯ ಹಳೆಯ 2.0 ಲೀಟರ್ ಟಿಎಫ್‌ಎಸ್‌ಐ ಪೆಟ್ರೋಲ್ ಎಂಜಿನ್ ಇರುವ 2010ರ ಆಸುಪಾಸಿನ ಕ್ಯೂ5 ನೋಡುತ್ತಿದ್ದರೆ ‘ಸರ್ವಿಸ್‌ಗಳ ನಡುವೆ ಎಷ್ಟು ಲೀಟರ್ ಆಯಿಲ್ ಸೇರಿಸುತ್ತೀರಿ?’ ಎಂದೇ ಕೇಳಿ. ಪಿಸ್ಟನ್ ರಿಂಗ್ ದೆಸೆಯಿಂದ ಅವು ಆಯಿಲ್ ಕುಡಿಯುತ್ತವೆ.

ಎಂಜಿನ್ ತೊಳೆದು ಮಿರಮಿರ ಮಿಂಚುತ್ತಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ. ಸೋರಿಕೆಯ ಗುರುತು ಉಳಿಯುವುದು ಧೂಳಿನಲ್ಲಿ.

ಹಂತ 6: ಸ್ಕ್ಯಾನರ್

ಸ್ಟಿಯರಿಂಗ್ ಕೆಳಗೆ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಓದಲು 16 ಪಿನ್ನಿನ ಒಬಿಡಿ ಸಾಕೆಟ್ ಇದೆ. ಸ್ಕ್ಯಾನರ್ ಸಿಕ್ಕಿಸಿ ‘ಕೋಡ್ ಇಲ್ಲ’ ಎಂದು ಬಂದ ಕೂಡಲೇ ನಿಟ್ಟುಸಿರು ಬಿಡಬೇಡಿ. ಕೋಡ್ ಅಳಿಸಲು ಹತ್ತು ಸೆಕೆಂಡ್ ಸಾಕು. ನೀವು ನೋಡಬೇಕಾದದ್ದು ‘ರೆಡಿನೆಸ್ ಮಾನಿಟರ್’ ಪುಟ. ಕೋಡ್ ಅಳಿಸಿದ ಕೂಡಲೇ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮುಂತಾದವುಗಳ ಸ್ವಯಂ ಪರೀಕ್ಷೆಗಳು ‘ಅಪೂರ್ಣ’ ಆಗುತ್ತವೆ, ಮತ್ತೆ ಪೂರ್ಣವಾಗಲು ಹಲವು ಬಾರಿ ಓಡಿಸಬೇಕು. ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಎಂಬ ಇನ್ನೊಂದು ಸಾಲು ಇರುತ್ತದೆ. ಅಲ್ಲಿ 9 ಕಿ.ಮೀ. ಎಂದಿದ್ದರೆ ಕೇಳಬೇಕಾದ ಪ್ರಶ್ನೆ ನಿಮಗೇ ಗೊತ್ತು. ಬ್ಯಾಟರಿ ಬದಲಿಸಿದರೂ ಹೀಗಾಗಬಹುದು. ಬ್ಯಾಟರಿಯ ರಸೀದಿ ಕೇಳಿ, ಇಲ್ಲದಿದ್ದರೆ 100 ಕಿ.ಮೀ. ಓಡಿಸಿದ ಮೇಲೆ ಮತ್ತೆ ನೋಡುತ್ತೇನೆ ಎನ್ನಿ.

ಇದೇ ಸ್ಕ್ಯಾನರ್‌ನಲ್ಲಿ ಕೂಲಂಟ್‌ನ ನಿಜವಾದ ಉಷ್ಣತೆ ನೋಡಿ. ಡ್ಯಾಶ್‌ಬೋರ್ಡಿನ ಮುಳ್ಳು ಸಾಕಷ್ಟು ಏರಿಳಿತವಾದರೂ ನಡುವೆಯೇ ನಿಲ್ಲುವಂತೆ ಮಾಡಿದ್ದಾರೆ, ಅದನ್ನು ನಂಬಬೇಡಿ. ಅಗ್ಗದ ಸ್ಕ್ಯಾನರ್ ಎಂಜಿನ್ ಅನ್ನಷ್ಟೇ ಓದುತ್ತದೆ. ಏರ್‌ಬ್ಯಾಗ್, ಎಬಿಎಸ್, ಸಸ್ಪೆನ್ಶನ್ ಓದಲು ಆಯಾ ಬ್ರ್ಯಾಂಡಿಗೆಂದೇ ಇರುವ ಆ್ಯಪ್ ಬೇಕು. ಹಲವು ಗಾಡಿಗಳಲ್ಲಿ ಗೇರ್‌ಬಾಕ್ಸ್ ಮುಂತಾದ ಮಾಡ್ಯೂಲ್‌ಗಳೂ ಓಡಿದ ಕಿ.ಮೀ. ಬರೆದಿಟ್ಟುಕೊಂಡಿರುತ್ತವೆ, ಮೀಟರ್ ತಿರುಗಿಸಿದ್ದರೆ ಸಿಕ್ಕಿಬೀಳುವುದು ಅಲ್ಲಿ. ಇದೇ ಸಾಕೆಟ್ಟಿಗೆ ಸಿಕ್ಕಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂದು ಮಾರುವ ಪುಟ್ಟ ಡಬ್ಬಿಗಳಿವೆಯಲ್ಲ, ಅವುಗಳಲ್ಲಿ ಮಿಣುಕುವ ದೀಪ ಬಿಟ್ಟರೆ ಏನೂ ಇಲ್ಲ.

ಹಂತ 7: ಟೈರ್ ಮತ್ತು ನಾಲ್ಕು ಚಕ್ರದ ಗುಟ್ಟು

ಟೈರ್ ಪಕ್ಕದಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ನಾಲ್ಕೂ ಒಂದೇ ಬ್ರ್ಯಾಂಡ್ ಇರಲಿ, ಸವೆತವೂ ಒಂದೇ ಸಮ ಇರಲಿ. ಇದು ಬರೀ ಅಂದದ ವಿಷಯವಲ್ಲ. ಒಂದು ಟೈರ್ 2 ಮಿ.ಮೀ. ಹೆಚ್ಚು ಸವೆದಿದ್ದರೆ ಅದರ ಸುತ್ತಳತೆ 12 ಮಿ.ಮೀ.ಗೂ ಹೆಚ್ಚು ಕುಗ್ಗುತ್ತದೆ. ಅಷ್ಟು ದೂರ ತುಂಬಲು ಆ ಚಕ್ರ ಪ್ರತಿ ಸುತ್ತಿನಲ್ಲೂ ಕೊಂಚ ಹೆಚ್ಚು ತಿರುಗಬೇಕು. ಹಿಂದು ಮುಂದಿನ ಆ ವ್ಯತ್ಯಾಸವನ್ನು ಹೊರುವುದು ಮುಂದಿನ, ಹಿಂದಿನ ಚಕ್ರಗಳಿಗೆ ಎಂಜಿನ್ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್, ಗಾಡಿ ನೇರ ರಸ್ತೆಯಲ್ಲಿದ್ದರೂ ಬಿಡುವಿಲ್ಲದೆ. ಮೊದಲು ಬಿಸಿಯಾಗುತ್ತದೆ, ಆಮೇಲೆ ಸವೆಯುತ್ತದೆ. ಎರಡೇ ಟೈರ್ ಬದಲಿಸಿ ಹಣ ಉಳಿಸಿದವರು ಟ್ರಾನ್ಸ್‌ಫರ್ ಕೇಸಿಗೆ ದುಡ್ಡು ಸುರಿಯುವುದು ಹೀಗೆ.

ಪರೀಕ್ಷೆ ಸುಲಭ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ನಡೆಯುವ ವೇಗದಲ್ಲಿ ಎರಡು ಸುತ್ತು ಹಾಕಿ, ಇನ್ನೊಂದು ಕಡೆಗೂ ಎರಡು. ಯಾರೋ ಹಿಡಿದೆಳೆದು ಬಿಟ್ಟಂತೆ ಗಾಡಿ ಜಗ್ಗಿದರೆ ಬೆಲೆ ಮಾತಾಡುವ ಮೊದಲು ಮೆಕ್ಯಾನಿಕ್ ಜೊತೆ ಮಾತಾಡಿ.

ಹಂತ 8: ಓಡಿಸಿ ನೋಡಿ

ವೇಗ ಮುಖ್ಯವಲ್ಲ. ಸಿಗ್ನಲ್‌ಗೆ ನಿಧಾನಿಸುವಂತೆ ಬ್ರೇಕ್ ಒತ್ತುತ್ತಾ ಬನ್ನಿ, ಎರಡರಿಂದ ಒಂದನೇ ಗೇರಿಗೆ ಇಳಿಯುವಾಗ ಬೆನ್ನಿಗೆ ಗುದ್ದಿದಂತಾಗಬಾರದು. ಬಿಎಂಡಬ್ಲ್ಯು, ಲ್ಯಾಂಡ್ ರೋವರ್ ಮುಂತಾದವರು ಬಳಸುವ ಝಡ್‌ಎಫ್‌ನ ಎಂಟು ಗೇರಿನ ಪೆಟ್ಟಿಗೆ ಗಟ್ಟಿಯದು. ಅದರ ಆಯಿಲ್ ‘ಜೀವಮಾನದ್ದು’ ಎಂದು ಕಾರು ಕಂಪನಿಗಳು ಹೇಳುವುದನ್ನು ಕೇಳಿರುತ್ತೀರಿ. ಪೆಟ್ಟಿಗೆ ಮಾಡಿದ ಝಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷದೊಳಗೆ ಬದಲಿಸಿ ಎನ್ನುತ್ತದೆ. ಝಡ್‌ಎಫ್ ಮಾತು ಕೇಳಿ. ಫಿಲ್ಟರ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲೇ ಸೇರಿಕೊಂಡಿದೆ, ತಟ್ಟೆ ಬದಲಿಸದೆ ಬರೀ ಆಯಿಲ್ ಬಸಿದು ಸುರಿಯುವವರು ಅರ್ಧ ಕೆಲಸ ಮಾಡಿ ಪೂರ್ತಿ ಬಿಲ್ ಕೊಡುತ್ತಾರೆ.

ಏರ್ ಸಸ್ಪೆನ್ಶನ್ ಇದ್ದೇ ಇದ್ದರೆ, ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನವರೆಗೆ ನಾಲ್ಕೂ ಕಡೆ ಅಳೆದು, ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಬಲೂನ್ ಸೋರುತ್ತಿದೆ. ಸೋರಿದಷ್ಟನ್ನೂ ತುಂಬಿ ತುಂಬಿ ಕೊನೆಗೆ ಕಂಪ್ರೆಸರೂ ಸುಟ್ಟುಹೋಗುತ್ತದೆ, ಖರ್ಚು ಎರಡಾಗುತ್ತದೆ.

ಹಂತ 9: ಮೈ ಮತ್ತು ನೀರು

ಅಯಸ್ಕಾಂತ ಅಂಟಿಸಿ ಪುಟ್ಟಿ ಪತ್ತೆ ಮಾಡುವ ಹಳೆಯ ಉಪಾಯ ಇಲ್ಲಿ ಕೈಕೊಡುತ್ತದೆ. ಈ ಗಾಡಿಗಳ ಬಾನೆಟ್ ಎಷ್ಟೋ ಬಾರಿ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಓದಬಲ್ಲ ಪೇಂಟ್ ಮೀಟರ್ ತನ್ನಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. ಒಂದು ಬಾಗಿಲಿನಲ್ಲಿ ಮಾತ್ರ 400 ಬಂದರೆ ಕೆಳಗೆ ಪುಟ್ಟಿ ಇದೆ. ಸನ್‌ರೂಫ್ ತೆರೆದು ಮೂಲೆಯ ತೂತಿಗೆ ಅರ್ಧ ಲೋಟ ನೀರು ಹಾಕಿ, ಅದು ಗಾಡಿಯ ಕೆಳಗೆ ಹರಿಯಬೇಕು. ಹರಿಯದಿದ್ದರೆ ಮುಂದಿನ ಕಾರ್ಪೆಟ್ ಅಡಿಗೆ ಬೆರಳು ತೂರಿಸಿ ತೇವ ನೋಡಿ. ಕಾರ್ಪೆಟ್ ಕೆಳಗೇ ವೈರಿಂಗ್ ಹಾದುಹೋಗುವ ಗಾಡಿಗಳಲ್ಲಿ ಈ ತೇವ ಮುಂದೆ ಎಲೆಕ್ಟ್ರಿಕಲ್ ದೆವ್ವವಾಗಿ ಕಾಡುತ್ತದೆ.

ಕೊನೆಗೆ ಲಿಫ್ಟ್ ಮೇಲೇರಿಸಿ, ಅಡಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಸಿ ನೋಡಿ. ಆಯಿಲ್ ಸೋರಿಕೆಯೆಲ್ಲ ಅದರ ಮೇಲೆ ಕೂತಿರುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್‌ನನ್ನೇ ಆರಿಸಿ.

ಹಂತ 10: ಕೀಲಿ ಕೈಗೆ ಬರುವಾಗ

ಎರಡೂ ಕೀಲಿಯಿಂದ ಒಂದೊಂದು ಸಲ ಸ್ಟಾರ್ಟ್ ಮಾಡಿ. ಆ್ಯಪ್ ಸೌಲಭ್ಯ ಬೇಕೆನ್ನುವವರು ಹಳೆಯ ಗಾಡಿಗಳಲ್ಲಿ ಅದು ಇನ್ನೂ ಜೀವಂತವಿದೆಯೇ ಕೇಳಿಕೊಳ್ಳಿ. 3ಜಿ ಮುಚ್ಚಿದ ಕಡೆಗಳಲ್ಲಿ 3ಜಿ ನಂಬಿದ್ದ ಗಾಡಿಗಳ ಸಂಪರ್ಕ ಕಡಿದುಹೋಗಿದೆ. ಜೀವಂತವಿದ್ದರೆ ಇನ್ನೊಂದು ಕೆಲಸ ಬಾಕಿ. ಹಳೆಯ ಮಾಲೀಕರ ಖಾತೆ ಗಾಡಿಗೆ ಜೋಡಿಕೊಂಡೇ ಇದ್ದರೆ ಅದು ಎಲ್ಲಿ ನಿಂತಿದೆ ಎಂದು ಅವರು ಕೂತಲ್ಲೇ ನೋಡಬಹುದು, ಬಾಗಿಲನ್ನೂ ತೆರೆಯಬಹುದು. ಸ್ಕ್ರೀನ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಅವರ ಫೋನ್ ತೆಗೆಸಿ, ಆ್ಯಪ್‌ನಿಂದ ಗಾಡಿ ಮಾಯವಾಗುವುದನ್ನು ಪಕ್ಕದಲ್ಲೇ ನಿಂತು ನೋಡಿ. ಉಳಿದ ಹಣ ಕೊಡುವುದು ಆಮೇಲೆ.