ಬೊಜ್ಜಿನ ಬಗ್ಗೆ ಬಂದ ಪ್ರಬಂಧವನ್ನು ನಾನು ಒರೆಗೆ ಹಚ್ಚುವ ಬಗೆ

ಆಹಾರ, ಬೊಜ್ಜು ಕುರಿತ ಸಂಶೋಧನಾ ಪ್ರಬಂಧ ಕೈಗೆ ಬಂದರೆ ಸಾರಾಂಶವನ್ನು ನಾನು ಓದುವುದು ಕಟ್ಟಕಡೆಗೆ. ಮೊದಲು ತೆರೆಯುವುದು ವಿಧಾನದ ಪುಟ. ಜನ ತಿಂದದ್ದನ್ನು ಹೇಗೆ ಅಳೆದರು, ಗುಂಪುಗಳಿಗೆ ಅವರನ್ನು ಹೇಗೆ ಹಂಚಿದರು, ಶುರುವಿನಲ್ಲಿದ್ದವರಲ್ಲಿ ಎಷ್ಟು ಮಂದಿ ಕೊನೆವರೆಗೂ ಉಳಿದರು ಎಂಬ ಮೂರನ್ನು ಅಲ್ಲಿ ಹುಡುಕುತ್ತೇನೆ. ಸಾರಾಂಶ ಮೊದಲು ಓದಿದರೆ ಮನಸ್ಸು ಅದರ ಕಡೆಗೇ ವಾಲುತ್ತದೆ, ಆಮೇಲೆ ದೋಷಗಳು ಕಣ್ಣಿಗೆ ಬಿದ್ದರೂ ಸಣ್ಣದಾಗಿ ಕಾಣುತ್ತವೆ.

ಅಳತೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಈ ಕ್ಷೇತ್ರದ ದೊಡ್ಡ ಗಾಯ ಇರುವುದು ಅಲ್ಲೇ. ‘ಕಳೆದ ವರ್ಷ ವಾರಕ್ಕೆ ಎಷ್ಟು ಸಲ ಇದನ್ನು ತಿಂದಿರಿ’ ಎಂಬ ಪ್ರಶ್ನಾವಳಿಯಿಂದ ಕ್ಯಾಲೊರಿ ಲೆಕ್ಕ ಹಾಕಿದ್ದರೆ ಆ ಅಂಕಿಯನ್ನು ನಾನು ಪಕ್ಕಕ್ಕಿಡುತ್ತೇನೆ. ದೇಹ ನಿಜವಾಗಿ ಖರ್ಚು ಮಾಡುವ ಶಕ್ತಿಯನ್ನು ಅಳೆಯಲು ಬೇರೆ ದಾರಿ ಇದೆ. ಜಲಜನಕ ಮತ್ತು ಆಮ್ಲಜನಕದ ಭಾರದ ಐಸೊಟೋಪುಗಳಿರುವ (ಅದೇ ಧಾತುವಿನ ತುಸು ಭಾರವಾದ ಪರಮಾಣುಗಳಿರುವ) ನೀರು ಕುಡಿಸಿ, ಒಂದೆರಡು ವಾರ ಮೂತ್ರದ ಮಾದರಿ ನೋಡುತ್ತಾರೆ. ಜಲಜನಕ ನೀರಾಗಿ ಮಾತ್ರ ಹೊರಹೋಗುತ್ತದೆ, ಆಮ್ಲಜನಕ ನೀರಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ವ್ಯತ್ಯಾಸದಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ಎಷ್ಟೆಂದೂ, ಅದರಿಂದ ಶಕ್ತಿಯ ಖರ್ಚೂ ಸಿಗುತ್ತದೆ. ತೂಕ ಸ್ಥಿರವಾಗಿದ್ದರೆ ತಿಂದದ್ದೂ ಹೆಚ್ಚುಕಡಿಮೆ ಅಷ್ಟೇ. ಎಷ್ಟೇ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಹೀಗೆ ಅಳೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದರು, ದೈಹಿಕ ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚು ಹೇಳಿದ್ದರು. ಅವರು ಸುಳ್ಳುಗಾರರು ಎಂದು ಇದರರ್ಥ ಮಾಡಿಕೊಳ್ಳಬಾರದು. ತಿಂದದ್ದನ್ನು ನೆನಪಿಟ್ಟು ಅಂದಾಜಿಸುವುದು ಯಾರಿಗೂ ಕಷ್ಟ. ಆದರೆ ತೂಕ ಹೆಚ್ಚಿದ್ದವರಲ್ಲಿ ಕಡಿಮೆ ಹೇಳುವ ಪ್ರಮಾಣವೂ ಹೆಚ್ಚಿರುತ್ತದೆ. ತಪ್ಪು ಹೀಗೆ ಒಂದೇ ಕಡೆಗೆ ವಾಲಿದಾಗ, ಹತ್ತು ಸಾವಿರ ಜನರ ಬದಲು ಲಕ್ಷ ಜನರನ್ನು ಸೇರಿಸಿದರೂ ಅದು ಸರಿಹೋಗುವುದಿಲ್ಲ.

ಹಂಚಿಕೆಯ ವಿಷಯದಲ್ಲಿ ಮೆಡಿಟರೇನಿಯನ್ ಆಹಾರಕ್ರಮದಿಂದ ಹೃದ್ರೋಗ ತಡೆಯಬಹುದೇ ಎಂದು ನೋಡಿದ ಸ್ಪೇನಿನ ಪ್ರೆಡಿಮೆಡ್ ಪ್ರಯೋಗವನ್ನು ಯಾವಾಗಲೂ ನೆನಪಿನಲ್ಲಿಟ್ಟುಕೊಳ್ಳುತ್ತೇನೆ. ಸುಮಾರು 7,400 ಜನರ ಈ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಒಂದೇ ಮನೆಯ ಎರಡನೆಯ ವ್ಯಕ್ತಿಯನ್ನು ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಹಂಚದೆ ಮೊದಲನೆಯವರ ಗುಂಪಿಗೇ ಸೇರಿಸಿದ್ದು, ಒಂದು ಕೇಂದ್ರದಲ್ಲಿ ಇಡೀ ಚಿಕಿತ್ಸಾಲಯಗಳನ್ನೇ ಒಂದೊಂದು ಗುಂಪಿಗೆ ಕೊಟ್ಟದ್ದು ಆಮೇಲೆ ಬಯಲಾಯಿತು. 2018ರಲ್ಲಿ ಪ್ರಬಂಧವನ್ನು ಹಿಂತೆಗೆದು, ಮರುಲೆಕ್ಕ ಹಾಕಿ ಮತ್ತೆ ಪ್ರಕಟಿಸಿದರು. ಅಂಕಿಗಳು ಹೆಚ್ಚು ಬದಲಾಗಲಿಲ್ಲ, ಆದರೆ ಕಾರಣ-ಪರಿಣಾಮದ ಮಾತು ಮೃದುವಾಯಿತು. ಲೇಖಕರೇ ಮುಂದೆ ಬಂದು ತಿದ್ದಿದ್ದಕ್ಕೆ ನನಗೆ ಗೌರವವಿದೆ.

ಶಾಲೆಗಳಲ್ಲಿ ಮಕ್ಕಳ ಬೊಜ್ಜಿನ ಮೇಲೆ ನಡೆಯುವ ಪ್ರಯೋಗಗಳಲ್ಲಿ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ. ಹಂಚುವುದು ಶಾಲೆಗಳನ್ನು, ಲೆಕ್ಕ ಹಾಕುವುದು ಮಕ್ಕಳನ್ನು. ಹತ್ತು ಶಾಲೆ, ಶಾಲೆಗೆ 50 ಮಕ್ಕಳು, ಒಟ್ಟು 500 ಎಂದುಕೊಳ್ಳಿ. ಒಂದೇ ಶಾಲೆಯ ಮಕ್ಕಳು ಪರಸ್ಪರ ಹೋಲುವ ಪ್ರಮಾಣ ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ 0.02 ಇದ್ದರೂ ಸಾಕು. 50ರಲ್ಲಿ ಒಂದು ಕಳೆದು, 0.02ರಿಂದ ಗುಣಿಸಿ, ಒಂದು ಕೂಡಿಸಿದರೆ 1.98. 500ನ್ನು ಅದರಿಂದ ಭಾಗಿಸಿದರೆ ಸುಮಾರು 253. ಅಂದರೆ 500 ಮಕ್ಕಳಿಂದ ಸಿಕ್ಕ ಮಾಹಿತಿ 253 ಮಕ್ಕಳದ್ದಷ್ಟೇ. ಪ್ರಬಂಧದಲ್ಲಿ ಈ ತಿದ್ದುಪಡಿ ಕಾಣದಿದ್ದರೆ ಅಲ್ಲಿನ ಪಿ ಮೌಲ್ಯವನ್ನು (ನಿಜವಾಗಿ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ; 0.05ಕ್ಕಿಂತ ಕಡಿಮೆ ಇದ್ದರೆ ಗಣನೀಯ ಎನ್ನುವುದು ರೂಢಿ) ನಾನು ನಂಬುವುದಿಲ್ಲ. ಒಂದು ಗುಂಪಿಗೆ ಒಂದೇ ಶಾಲೆ ಇದ್ದರಂತೂ ಯಾವ ತಿದ್ದುಪಡಿಯಿಂದಲೂ ಉಪಯೋಗವಿಲ್ಲ, ಪಥ್ಯದ ಪರಿಣಾಮ ಯಾವುದು, ಶಾಲೆಯ ಪರಿಣಾಮ ಯಾವುದು ಎಂದು ಬಿಡಿಸಲು ಬರುವುದಿಲ್ಲ.

ಇನ್ನೊಂದು ತಪ್ಪು ಎಷ್ಟು ಸಾಮಾನ್ಯವೆಂದರೆ, ಫಲಿತಾಂಶದ ಕೋಷ್ಟಕದಲ್ಲಿ ಮೊದಲು ಅದನ್ನೇ ಹುಡುಕುತ್ತೇನೆ. ಪಥ್ಯದ ಗುಂಪು 2.1 ಕೆ.ಜಿ. ಇಳಿಯಿತು, ಪಿ 0.03. ಪಥ್ಯ ಮಾಡದ, ಹೋಲಿಕೆಗಿಟ್ಟ ನಿಯಂತ್ರಣ ಗುಂಪು 1.4 ಕೆ.ಜಿ. ಇಳಿಯಿತು, ಪಿ 0.08. ಆದ್ದರಿಂದ ಪಥ್ಯ ಕೆಲಸ ಮಾಡಿತು ಎಂದು ಬರೆದುಬಿಡುತ್ತಾರೆ. ಹೋಲಿಸಬೇಕಾದದ್ದು ಗುಂಪಿನ ಹಿಂದು-ಮುಂದನ್ನಲ್ಲ, ಎರಡು ಗುಂಪುಗಳ ನಡುವಿನ ಅಂತರವನ್ನು. ಪಿ 0.03 ಎಂದರೆ ಇಳಿಕೆಯು ತನ್ನ ಅನಿಶ್ಚಿತತೆಯ ಅಳತೆಯಾದ ಸ್ಟ್ಯಾಂಡರ್ಡ್ ಎರರ್‌ನ ಸುಮಾರು 2.17 ಪಟ್ಟು, 0.08 ಎಂದರೆ 1.75 ಪಟ್ಟು. ಹಾಗಾಗಿ ಎರರ್‌ಗಳು ಸುಮಾರು 0.97 ಮತ್ತು 0.80. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 1.26. ಅಂತರ 0.7 ಕೆ.ಜಿ., ಅದರ ಶೇ 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಅಂತರ ಇರಬಹುದಾದ ಹರವು) -1.8ರಿಂದ 3.2ರವರೆಗೆ. ಪಥ್ಯ ನಿಯಂತ್ರಣ ಗುಂಪಿಗಿಂತ ಮೂರು ಕಿಲೊ ಹೆಚ್ಚು ಇಳಿಸಿರಬಹುದು, ಎರಡು ಕಿಲೊ ಹತ್ತಿರ ಕಡಿಮೆ ಇಳಿಸಿರಲೂಬಹುದು. ನಿಯಂತ್ರಣ ಗುಂಪು ತಾನೇ ಇಳಿದದ್ದೇಕೆ ಎಂದು ಕೇಳಬಹುದು. ತೂಕ ತನ್ನ ಏರಿಳಿತದ ಮೇಲ್ತುದಿಯಲ್ಲಿದ್ದಾಗಲೇ ಜನ ಇಂಥ ಪ್ರಯೋಗಗಳಿಗೆ ಸೇರುವುದು ಹೆಚ್ಚು. ಏನೂ ಮಾಡದಿದ್ದರೂ ಸ್ವಲ್ಪ ಸರಾಸರಿಯ ಕಡೆಗೆ ಮರಳುತ್ತದೆ. ನಿಯಂತ್ರಣ ಗುಂಪೇ ಇಲ್ಲದ ಅಧ್ಯಯನದಲ್ಲಿ ಈ ಇಳಿಕೆ ಪೂರ್ತಿ ಚಿಕಿತ್ಸೆಯ ಖಾತೆಗೆ ಜಮೆಯಾಗುತ್ತದೆ.

ಮಧ್ಯದಲ್ಲಿ ಬಿಟ್ಟುಹೋದವರ ಲೆಕ್ಕಕ್ಕೆ ಒಂದು ಒರಟು ಪರೀಕ್ಷೆ ಇಟ್ಟುಕೊಂಡಿದ್ದೇನೆ. ನೂರು ಜನರಲ್ಲಿ 60 ಮಂದಿ ಉಳಿದು ಸರಾಸರಿ 5 ಕೆ.ಜಿ. ಇಳಿದಿದ್ದರೆ, ಬಿಟ್ಟ 40 ಮಂದಿಗೆ ಸೊನ್ನೆ ಹಾಕುತ್ತೇನೆ. ಸರಾಸರಿ 3 ಕೆ.ಜಿ.ಗೆ ಬರುತ್ತದೆ. ತೂಕ ಇಳಿಯದವರೇ ಹೆಚ್ಚಾಗಿ ಬಿಡುವುದರಿಂದ ಇದು ತೀರಾ ಅನ್ಯಾಯದ ಊಹೆಯಲ್ಲ. ಎರಡೂ ಗುಂಪಿಗೆ ಹೀಗೆ ಮಾಡಿದ ಮೇಲೂ ಅಂತರ ಉಳಿದರೆ ಮುಂದೆ ಓದುತ್ತೇನೆ.

ಸಣ್ಣ ಪ್ರಯೋಗವೆಂದ ಮಾತ್ರಕ್ಕೆ ತಳ್ಳಿಹಾಕುವುದಿಲ್ಲ. 2019ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಕೆವಿನ್ ಹಾಲ್ ತಂಡ ಬರೀ 20 ಜನರನ್ನು ನಾಲ್ಕು ವಾರ ಒಳಗೇ ಇರಿಸಿ, ಅತಿಸಂಸ್ಕರಿತ ಆಹಾರ (ಕಾರ್ಖಾನೆಯ ಪ್ಯಾಕೆಟ್ ತಿನಿಸಿನಂಥದ್ದು) ಎರಡು ವಾರ, ಸಂಸ್ಕರಿಸದ್ದು ಎರಡು ವಾರ ಕೊಟ್ಟಿತು. ಪ್ರತಿಯೊಬ್ಬರಿಗೂ ಎರಡೂ ಸಿಕ್ಕಿತು, ತಿಂದದ್ದೆಲ್ಲ ಅಳತೆಗೆ ಬಂತು. ಅತಿಸಂಸ್ಕರಿತ ಆಹಾರದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರದ ಮಟ್ಟಿಗೆ ಇದು ಗಟ್ಟಿ ಪುರಾವೆ. ಐದು ವರ್ಷ ಮನೆಯಲ್ಲಿ ತಿಂದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇದರಿಂದ ಉತ್ತರ ಹಿಂಡಬಾರದು.

ಅವಲೋಕನ ಅಧ್ಯಯನಗಳನ್ನು (ಗುಂಪುಗಳಿಗೆ ಹಂಚದೆ, ಜನ ತಾವಾಗಿ ತಿನ್ನುವುದನ್ನು ಗಮನಿಸಿದ ಅಧ್ಯಯನಗಳನ್ನು) ಓದುವಾಗ ಕ್ಯಾರೆಟ್‌ನಂಥ ತರಕಾರಿಯಲ್ಲಿರುವ ಬೀಟಾ ಕ್ಯಾರೊಟಿನ್ ನೆನಪಾಗುತ್ತದೆ. ಅದು ಹೆಚ್ಚಿರುವ ಆಹಾರ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿತ್ತು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಪ್ರಯೋಗ ಮಾಡಿದಾಗ, ಅದರ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಎಂದು 1994ರಲ್ಲಿ ವರದಿಯಾಯಿತು. ತರಕಾರಿ ತಿನ್ನುವವರು ಇನ್ನೂ ಹತ್ತು ವಿಷಯಗಳಲ್ಲಿ ಬೇರೆಯಾಗಿರುತ್ತಾರೆ. ಹಾಗೆಯೇ ‘ಯಾವುದರ ಬದಲಿಗೆ ತಿಂದರು’ ಎಂದೂ ಕೇಳುತ್ತೇನೆ. ಬೆಣ್ಣೆಯ ಬದಲು ಎಣ್ಣೆ ಬಂದರೆ ಒಂದು ಫಲಿತಾಂಶ, ಸಕ್ಕರೆ ಬಂದರೆ ಇನ್ನೊಂದು.

ಪ್ರಯೋಗ ಶುರುವಾಗುವ ಮೊದಲೇ ಏನು ಅಳೆಯುತ್ತೇವೆಂದು ಬರೆದಿಡುವ ನೋಂದಣಿ ದಾಖಲೆ ನೋಡಲು ಐದು ನಿಮಿಷ ಸಾಕು. ಮುಖ್ಯ ಫಲಿತಾಂಶವೆಂದು ಮೊದಲು ಬರೆದದ್ದು ತೂಕ, ಪ್ರಬಂಧದಲ್ಲಿ ಮೆರೆಯುತ್ತಿರುವುದು ಸೊಂಟದ ಸುತ್ತಳತೆ ಎಂದಾದರೆ ನನ್ನ ಭರವಸೆಯನ್ನು ಒಂದು ಮೆಟ್ಟಿಲು ಇಳಿಸುತ್ತೇನೆ.

ಕೊನೆಗೆ ನನ್ನ ಟಿಪ್ಪಣಿಯಲ್ಲಿ ಮೂರು ಸಾಲು ಬರೆಯುತ್ತೇನೆ: ಅಂತರ ಎಷ್ಟು ಮತ್ತು ಅದರ ವ್ಯಾಪ್ತಿ ಎಷ್ಟು; ಭರವಸೆ ಹೆಚ್ಚು, ಸಾಧಾರಣ, ಕಡಿಮೆ, ತೀರಾ ಕಡಿಮೆ ಇವುಗಳಲ್ಲಿ ಯಾವುದು; ಇನ್ನೆಂಥ ಪ್ರಯೋಗ ಬಂದರೆ ಈ ಅಭಿಪ್ರಾಯ ಬದಲಾಯಿಸುತ್ತೇನೆ. ಸಾರಾಂಶ ಓದುವುದು ಆಮೇಲೆ.