ತಿರುಗುವ ಕುರ್ಚಿಯಲ್ಲಿ ರೋಗಿಯನ್ನು ಸುಮ್ನೆ ಕೂರಲು ಬಿಡಬಾರದು

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿಯ ಪರೀಕ್ಷೆ ಮಾಡುವವರು. ತಲೆಸುತ್ತು, ಓಲಾಟ ಅಂತ ಬರುವವರಿಗೆ ತಿರುಗುವ ಕುರ್ಚಿಯ ಪರೀಕ್ಷೆ ಮಾಡುತ್ತೇನೆ. ಶುರುವಿನ ದಿನಗಳಲ್ಲಿ ಒಬ್ಬರ ರಿಪೋರ್ಟನ್ನು ಪೂರ್ತಿ ತಪ್ಪಾಗಿ ಬರೆದುಬಿಡುವುದರಲ್ಲಿದ್ದೆ. ಅವತ್ತಿನಿಂದ ನಾನು ಪರೀಕ್ಷೆ ಮಾಡುವ ರೀತಿಯೇ ಬದಲಾಯಿತು.

ತಲೆ ಬಲಕ್ಕೆ ತಿರುಗಿದರೆ ಕಣ್ಣು ಎಡಕ್ಕೆ ಸರಿಯುತ್ತದೆ. ಹಾಗಾಗಿಯೇ ನಡೆಯುವಾಗ ಎದುರಿನ ನೋಟ ಕುಣಿಯುವುದಿಲ್ಲ. ಕಣ್ಣಿಗೆ ಆ ಸುದ್ದಿ ಮುಟ್ಟಿಸುವುದು ಒಳಕಿವಿಯ ಅರೆವೃತ್ತ ನಾಳಗಳು, ತಲೆಯ ತಿರುಗಾಟವನ್ನು ಗ್ರಹಿಸುವ ಪುಟ್ಟ ಕೊಳವೆಗಳು. ಅದಕ್ಕೇ ಕುರ್ಚಿ ತಿರುಗಿಸಿ ಕಣ್ಣನ್ನು ಅಳೆಯುತ್ತೇವೆ. ತಲೆಯನ್ನು ಸುಮಾರು 30 ಡಿಗ್ರಿ ಮುಂದಕ್ಕೆ ಬಗ್ಗಿಸಿ ಕಟ್ಟುತ್ತೇವೆ, ಅಡ್ಡ ನಾಳಗಳು ಮಟ್ಟಸವಾಗಿ ಬರಲಿ ಅಂತ. ಕೋಣೆ ಪೂರ್ತಿ ಕತ್ತಲೆ. ಕಣ್ಣಿಗೆ ಇನ್‌ಫ್ರಾರೆಡ್ ಕ್ಯಾಮೆರಾದ ಕನ್ನಡಕ. ಚೂರು ಬೆಳಕು ಕಂಡರೂ ಕಣ್ಣು ಅದನ್ನು ಹಿಡಿದು ನಿಂತುಬಿಡುತ್ತದೆ, ಲೆಕ್ಕವೆಲ್ಲ ಕೆಡುತ್ತದೆ.

ಕುರ್ಚಿ ಮೊದಲು ಎಡಕ್ಕೆ ಬಲಕ್ಕೆ ತೂಗುತ್ತದೆ. ಅತಿ ನಿಧಾನದ್ದು 0.01 ಹರ್ಟ್ಜ್, ಅಂದರೆ ಎರಡೂ ಕಡೆಗೆ ಒಂದು ಸಲ ಹೋಗಿ ಬರಲು 100 ಸೆಕೆಂಡ್. ಆಮೇಲೆ ಹೆಚ್ಚಿಸುತ್ತಾ 0.64ರವರೆಗೆ ಹೋಗುತ್ತೇವೆ. ಕಣ್ಣಿನ ವೇಗವನ್ನು ತಲೆಯ ವೇಗದಿಂದ ಭಾಗಿಸಿದರೆ ಗೇನ್. ತಲೆಯ ಚಲನೆಗಿಂತ ಕಣ್ಣು ಎಷ್ಟು ಮುಂದೆ ಓಡುತ್ತಿದೆ ಅನ್ನುವುದು ಫೇಸ್.

ಅವತ್ತು ಬಂದವರಿಗೆ ಗೇನ್ ಎಲ್ಲ ಕಡೆಯೂ ತೀರಾ ಕಡಿಮೆ ಬಂತು. ಎರಡೂ ಕಿವಿಯ ಸಮತೋಲನದ ಭಾಗ ಹೋಗಿದೆ ಅಂತ ಬರೆಯಲು ಕೈ ಹಾಕಿದ್ದೆ. ಯಾಕೋ ಅನುಮಾನ ಬಂದು ಗೆರೆಗಳನ್ನು ಮತ್ತೆ ನೋಡಿದೆ. ಕಣ್ಣು ಒಂದು ಕಡೆಗೆ ಮೆಲ್ಲಗೆ ಸರಿದು, ಪಟ್ಟನೆ ವಾಪಸ್ ಹಾರಬೇಕು. ತೆರೆಯ ಮೇಲೆ ಅದು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಇಲ್ಲಿ ಹಲ್ಲೇ ಇಲ್ಲ, ಉರುಟು ಅಲೆಗಳು ಮಾತ್ರ. ಅವರು ಕತ್ತಲೆಯಲ್ಲಿ ತೂಕಡಿಸುತ್ತಿದ್ದರು!

ಮತ್ತೆ ಶುರು ಮಾಡಿ ಮೈಕ್‌ನಲ್ಲಿ ಕೇಳಿದೆ: "ನೂರರಿಂದ ಮೂರು ಮೂರು ಕಳೆಯುತ್ತಾ ಹೇಳಿ." "ತೊಂಬತ್ತೇಳು, ತೊಂಬತ್ನಾಲ್ಕು..." ಅಂದದ್ದೇ ತಡ, ತೆರೆಯ ಮೇಲೆ ಹಲ್ಲುಗಳು ಒಂದೊಂದಾಗಿ ಎದ್ದವು. ಅವರು ಲೆಕ್ಕ ತಪ್ಪಿ ಸುಮ್ಮನಾದರೆ ಮತ್ತೆ ಮಂಕು. ಕೊನೆಗೆ ಗೇನ್ ಪೂರ್ತಿ ಸರಿಯಾಗಿಯೇ ಬಂತು. ಈಗ ಇಡೀ ಪರೀಕ್ಷೆ ಮುಗಿಯುವ ತನಕ ಮಾತಾಡಿಸುತ್ತಲೇ ಇರುತ್ತೇನೆ. ಪ್ರಾಣಿಗಳ ಹೆಸರು, 'ಕ'ದಿಂದ ಶುರುವಾಗುವ ಪದಗಳು, ಏನಾದರೂ ಸರಿ. ಸುಲಭದ ಪ್ರಶ್ನೆ ಸಾಲದು, ತಲೆಗೆ ಸ್ವಲ್ಪ ಕೆಲಸ ಇರಬೇಕು.

ಆಮೇಲಿನದು ಏಕವೇಗದ ಪರೀಕ್ಷೆ. ಕುರ್ಚಿ ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ಒಂದೇ ಸಮ ತಿರುಗುತ್ತದೆ. ಸ್ವಲ್ಪ ಹೊತ್ತಿಗೇ ರೋಗಿ "ಕುರ್ಚಿ ನಿಂತಿತಾ?" ಅಂತ ಕೇಳುತ್ತಾರೆ. ಅದು ತಿರುಗುತ್ತಲೇ ಇರುತ್ತದೆ! ನಿಜವಾಗಿ ನಿಲ್ಲಿಸಿದಾಗ ಎದುರು ದಿಕ್ಕಿಗೆ ತಿರುಗುತ್ತಿದ್ದೇನೆ ಅನ್ನುತ್ತಾರೆ. ನಿಲ್ಲಿಸಿದ ಮೇಲೆ ಕಣ್ಣು ನೋಡುವ ಈ ವಿಧಾನ ಹಳೆಯದು. 1914ರ ವೈದ್ಯಕೀಯ ನೊಬೆಲ್ ಪಡೆದ ಕಿವಿವೈದ್ಯ ರಾಬರ್ಟ್ ಬಾರಾನಿ ಅವರ ಹೆಸರಿನಲ್ಲೇ ಇಂಥ ಕುರ್ಚಿ ಇದೆ. ಕಣ್ಣಾಟ ಶುರುವಿನ ವೇಗದ 37 ಪರ್ಸೆಂಟಿಗೆ ಇಳಿಯಲು ಸಾಮಾನ್ಯವಾಗಿ 10 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ನಾಳದ ಒಳಗಿನ ಕುಪ್ಯುಲಾ ಎಂಬ ಜೆಲ್ಲಿಯಂಥ ಪೊರೆಯಿಂದ ಬರುವುದು ಅದರಲ್ಲಿ ಸುಮಾರು 5 ಸೆಕೆಂಡ್ ಮಾತ್ರ. ಉಳಿದದ್ದು ಮೆದುಳು ಹಿಡಿದಿಟ್ಟುಕೊಂಡು ಎಳೆಯುವುದು.

ಯಾವ ಕಿವಿ ಅನ್ನುವ ಪ್ರಶ್ನೆಗೆ ಮಾತ್ರ ಈ ಕುರ್ಚಿಯನ್ನು ನಂಬಬೇಡಿ. ತಲೆ ತಿರುಗಿದರೆ ಎರಡೂ ಕಿವಿ ಒಟ್ಟಿಗೇ ಕೆಲಸ ಮಾಡುತ್ತವೆ ಅಲ್ವಾ? ಅದಕ್ಕೆ ಒಂದೊಂದೇ ಕಿವಿಗೆ ಬಿಸಿ, ತಣ್ಣನೆಯ ನೀರು ಬಿಟ್ಟು ಕಣ್ಣಾಟ ನೋಡುವ ಕ್ಯಾಲೋರಿಕ್‌ನಂಥ ಪರೀಕ್ಷೆ ಬೇಕು.

ಎರಡೂ ಕಡೆ ಎಷ್ಟು ಉಳಿದಿದೆ ಅಂತ ತಿಳಿಯಲು ಮಾತ್ರ ಕುರ್ಚಿಯಷ್ಟು ಒಳ್ಳೆಯದು ನಾನು ಕಂಡಿಲ್ಲ. ಒಳಕಿವಿಗೆ ಪೆಟ್ಟು ಕೊಡಬಲ್ಲ ಜೆಂಟಾಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಇಂಜೆಕ್ಷನ್ ತೆಗೆದುಕೊಂಡ ಮೇಲೆ ಓಲಾಡುತ್ತಿದ್ದ ಒಬ್ಬರು ಬಂದಿದ್ದರು. ನಡೆಯುವಾಗ ಬೋರ್ಡಿನ ಅಕ್ಷರ ಕುಣಿಯುತ್ತವೆ ಅಂದರು. ಕ್ಯಾಲೋರಿಕ್‌ನಲ್ಲಿ ಎರಡೂ ಕಿವಿ ಸೊನ್ನೆ. ಕುರ್ಚಿಯಲ್ಲಿ ಚುರುಕಾಗಿ ಲೆಕ್ಕ ಹೇಳುತ್ತಲೇ ಇದ್ದರು, ಆದರೂ ನಿಧಾನದ ತೂಗಾಟಕ್ಕೆ ಕಣ್ಣು ಕದಲಲಿಲ್ಲ. ತಿರುಗಿದ್ದು ಗೊತ್ತಾಯಿತಾ ಅಂತ ಕೇಳಿದೆ. "ಕುರ್ಚಿ ಅದುರಿದ್ದು ಬೆನ್ನಿಗೆ ಗೊತ್ತಾಯಿತು, ಅಷ್ಟೇ" ಅಂದರು. 0.64 ಹರ್ಟ್ಜ್‌ಗೆ ಬಂದಾಗ ತೆರೆಯ ಮೇಲೆ ಸಣ್ಣ ಅಲೆಯೊಂದು ಎದ್ದಿತು. ಮತ್ತೆ ಮಾಡಿದೆ, ಮತ್ತೆ ಬಂತು. ಅಂದರೆ ಸ್ವಲ್ಪ ಉಳಿದಿತ್ತು. ಕೋಣೆಯ ದೀಪ ಹಾಕಿ ಆ ಗೆರೆಯನ್ನು ಅವರಿಗೂ ತೋರಿಸಿದೆ. ಅದೇ ವಾರ ತಲೆ ಆಡಿಸುತ್ತಾ ನೋಟ ನಿಲ್ಲಿಸುವ ವ್ಯಾಯಾಮ ಶುರುವಾಯಿತು.